ನಾಗಸಾಕಿಯ ಮೇಷ್ಟ್ರು, ಹೇಗ್‌ನ ಮಂತ್ರಿ

ನಾಗಸಾಕಿಯ ನೌಕಾ ತರಬೇತಿ ಶಾಲೆ ಬಾಗಿಲು ತೆರೆದದ್ದು 1855ರ ಕೊನೆಯಲ್ಲಿ, ಮುಚ್ಚಿದ್ದು 1859ರಲ್ಲಿ. ನಾಲ್ಕು ವರ್ಷವೂ ತುಂಬದ ಆಯುಷ್ಯ. ಆ ಅಲ್ಪಾಯುಷಿ ಶಾಲೆಯಿಂದ ಐವರು ನೌಕಾ ಸಚಿವರು ಹೊರಬಂದರು: ಇಬ್ಬರು ಕಲಿಸಿದವರು, ಮೂವರು ಕಲಿತವರು. ಕಲಿಸಿದವರು ಹೇಗ್ ನಗರದಲ್ಲಿ ಡಚ್ ಸರ್ಕಾರದ ಸಚಿವರಾದರು, ಕಲಿತವರು ಟೋಕಿಯೊದಲ್ಲಿ ಜಪಾನ್ ಸರ್ಕಾರದ ಸಚಿವರಾದರು.

ಈ ಬರಹ ಐವರಲ್ಲಿ ಒಬ್ಬನದು. ವಿಲೆಮ್ ಹಾಯ್ಸೆನ್ ವಾನ್ ಕಾಟೆನ್‌ಡೈಕ 1816ರ ಜನವರಿಯಲ್ಲಿ ಹೇಗ್‌ನಲ್ಲಿ ಹುಟ್ಟಿದ. 1866ರ ಫೆಬ್ರುವರಿಯಲ್ಲಿ, ಸಚಿವನಾಗಿರುವಾಗಲೇ, ಅದೇ ಊರಿನಲ್ಲಿ ತೀರಿಕೊಂಡ. ಐವತ್ತು ವರ್ಷದ ಈ ಬದುಕಿನಲ್ಲಿ ಜನ ನೆನಪಿಟ್ಟುಕೊಂಡಿರುವುದು ಎರಡೇ ತುಂಡುಗಳನ್ನು. ಒಂದು, ನಾಗಸಾಕಿಯ ಎರಡು ವರ್ಷ. ಇನ್ನೊಂದು, ಮಂತ್ರಿಗಿರಿಯ ಐದು ವರ್ಷ. ಜಪಾನಿನವರು ಮೊದಲಿನದನ್ನು ಓದುತ್ತಾರೆ, ಡಚ್ಚರು ಎರಡನೆಯದನ್ನು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು ಎನ್ನುವುದು ನನ್ನ ಹಟ. ಏಕೆಂದರೆ ಸಚಿವನ ಮೇಜಿಗೆ ಬಂದ ಅತ್ಯಂತ ತೊಡಕಿನ ಸಂಗತಿಯ ಗುಟ್ಟನ್ನು, ಮೇಷ್ಟ್ರಾಗಿದ್ದಾಗ ಆತ ನಾಗಸಾಕಿಯ ಒಬ್ಬ ವ್ಯಾಪಾರಿಯ ಬಾಯಿಂದ ಕೇಳಿಸಿಕೊಂಡಿದ್ದ.

ಡಚ್ಚರಿಗೇಕೆ ಈ ಉಸಾಬರಿ

17ನೇ ಶತಮಾನದಲ್ಲಿ ನಮ್ಮ ಬಸರೂರಿಗೆ ಬಂದು ಅಕ್ಕಿ ಕೊಳ್ಳುತ್ತಿದ್ದ ಡಚ್ ಕಂಪನಿಯೇ ಜಪಾನಿನಲ್ಲೂ ಕೋಠಿ ಇಟ್ಟಿತ್ತು. 1641ರಿಂದ ಅದರ ಜನ ಇದ್ದದ್ದು ನಾಗಸಾಕಿ ಬಂದರಿನೊಳಗೆ ಮಣ್ಣು ತುಂಬಿ ಮಾಡಿದ ಡೆಜಿಮಾ ಎಂಬ ಬೀಸಣಿಗೆಯಾಕಾರದ ದ್ವೀಪದಲ್ಲಿ. ಒಂದು ಸೇತುವೆ, ಅದಕ್ಕೊಂದು ಕಾವಲು. ಹೊರಗೆ ಕಾಲಿಡಬೇಕಾದರೆ ಅಪ್ಪಣೆ ಬೇಕು. ಕಂಪನಿ ಮುಳುಗಿದ ಮೇಲೂ ಡಚ್ಚರು ಅಲ್ಲಿಯೇ ಉಳಿದರು. ಇನ್ನೂರು ವರ್ಷ ಜಪಾನಿಗೆ ಯೂರೋಪಿನ ಗಾಳಿ ಬರುತ್ತಿದ್ದ ಕಿಟಕಿ ಅದೊಂದೇ.

1853ರ ಜುಲೈಯಲ್ಲಿ ಅಮೆರಿಕದ ಪೆರಿ ನಾಲ್ಕು ಕಪ್ಪು ಹಡಗುಗಳೊಂದಿಗೆ ಎಡೊ (ಇಂದಿನ ಟೋಕಿಯೊ) ಕೊಲ್ಲಿಗೆ ನುಗ್ಗಿದಾಗ, ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್‌ನ ಆಡಳಿತಕ್ಕೆ ಕಣ್ಣು ಬಿಟ್ಟಿತು. ಉಗಿ ಹಡಗುಗಳನ್ನು ಕೊಡಿ ಎಂದು ಡೆಜಿಮಾದ ಮುಖ್ಯಸ್ಥ ಡೊಂಕರ್ ಕುರ್ಟಿಯಸ್‌ನನ್ನು ಅದು ಕೇಳಿತು. ಅಷ್ಟರಲ್ಲಿ ಯೂರೋಪಿನಲ್ಲಿ ಕ್ರಿಮಿಯಾ ಯುದ್ಧ ಶುರುವಾಗಿತ್ತು, ಕೇಳಿದ ಕೂಡಲೇ ಯುದ್ಧನೌಕೆ ಕೊಡುವ ಸ್ಥಿತಿಯಲ್ಲಿ ಡಚ್ಚರು ಇರಲಿಲ್ಲ. ಕೊಡುವಂಥದ್ದು ಒಂದಿತ್ತು, ವಿದ್ಯೆ. 1854ರಲ್ಲಿ ಸೂಂಬಿಂಗ್ ಎಂಬ ಉಗಿ ಹಡಗಿನಲ್ಲಿ ಬಂದ ಫಾಬಿಯಸ್ ಎಂಬ ಅಧಿಕಾರಿ, ಹಡಗು ಕೊಂಡರೆ ಸಾಲದು, ನಡೆಸುವವರು ಬೇಕು, ಅದಕ್ಕೆ ಶಾಲೆ ಬೇಕು ಎಂದು ಸಲಹೆ ಕೊಟ್ಟ. ಮರುವರ್ಷ ಡಚ್ ದೊರೆಯ ಉಡುಗೊರೆಯಾಗಿ ಸೂಂಬಿಂಗ್ ಜಪಾನಿಗೆ ಸಂದಿತು. ಅದರೊಂದಿಗೆ ಪೆಲ್ಸ್ ರೈಕನ್ ಎಂಬ ನೌಕಾಧಿಕಾರಿಯ ಮುಂದಾಳುತನದಲ್ಲಿ 22 ಜನರ ಮೊದಲ ಶಿಕ್ಷಕ ತಂಡ ಬಂದಿಳಿಯಿತು. ಐವರಲ್ಲಿ ಮೊದಲಿಗ ಈತನೇ.

ಇದನ್ನು ಧರ್ಮಕಾರ್ಯವೆಂದು ತಿಳಿಯುವುದು ಬೇಡ. ಫಿರಂಗಿ ಲೆಕ್ಕದಲ್ಲಿ ಬ್ರಿಟನ್ನಿಗೂ ಅಮೆರಿಕಕ್ಕೂ ಸಮನಾಗಿ ನಿಲ್ಲುವ ತಾಕತ್ತು ಆ ಸಣ್ಣ ದೇಶಕ್ಕಿರಲಿಲ್ಲ. ಬಾಗಿಲು ಒಡೆದು ಒಳಬರುವವರು ಬರಲಿ, ನಾವು ಮನೆಯ ಮೇಷ್ಟ್ರಾಗಿ ಉಳಿಯೋಣ ಎಂಬ ಲೆಕ್ಕಾಚಾರ ಅದು. ಕೆಟ್ಟ ಲೆಕ್ಕವೇನೂ ಅಲ್ಲ. ಆದರೆ ಅದರ ಫಲ ಪೂರ್ತಿಯಾಗಿ ಮೇಷ್ಟ್ರ ಗುಣವನ್ನು ಅವಲಂಬಿಸಿತ್ತು.

ಮರ, ಭರತ, ಹೊಸವರ್ಷ

ಕಾಟೆನ್‌ಡೈಕ ಬಂದದ್ದು ಎರಡನೆಯ ತಂಡದೊಂದಿಗೆ, 1857ರ ಸೆಪ್ಟೆಂಬರಿನಲ್ಲಿ. ಮಾರ್ಚ್ ಕೊನೆಯಲ್ಲಿ ಹಾಲೆಂಡ್ ಬಿಟ್ಟವನು ನಾಗಸಾಕಿ ಸೇರುವಾಗ ಮಳೆಗಾಲ ಮುಗಿದಿತ್ತು. ವಯಸ್ಸು 41. ಜೊತೆಗೆ 37 ಜನ. ಅವರಲ್ಲಿ ಪೊಂಪೆ ಎಂಬ ವೈದ್ಯನಿದ್ದ, ಹಾರ್ಡೆಸ್ ಎಂಬ ಎಂಜಿನಿಯರ್ ಇದ್ದ. ಅವರು ಬಂದ ಹಡಗೂ ಜಪಾನ್ ಸರ್ಕಾರ ಕೊಂಡದ್ದೇ. ಕಿಂಡರ್‌ಡೈಕ್‌ನಲ್ಲಿ ಕಟ್ಟಿದ್ದು, ಮೂರು ಹಾಯಿಕಂಬ, 100 ಅಶ್ವಶಕ್ತಿಯ ಎಂಜಿನ್, ಹೆಸರು 'ಜಪಾನ್'. ಆಮೇಲೆ ಅದು 'ಕಾನ್ರಿನ್ ಮಾರು' ಆಯಿತು. ಉಗಿ ಹಡಗು ಎಂದರೆ ಇಡೀ ದಾರಿ ಉಗಿಯಲ್ಲಿ ಓಡುತ್ತಿತ್ತೆಂದು ತಿಳಿಯಬಾರದು. ತೆರೆದ ಕಡಲಿನಲ್ಲಿ ಗಾಳಿಯದೇ ಕಾರುಬಾರು. ಎಂಜಿನ್ ಹೆಚ್ಚಾಗಿ ಬೇಕಾಗುತ್ತಿದ್ದದ್ದು ಬಂದರು ಹೊಕ್ಕುವಾಗ, ಹೊರಡುವಾಗ, ಗಾಳಿ ಕೈಕೊಟ್ಟಾಗ.

ಶಾಲೆಯಲ್ಲಿ ಕಲಿಸುತ್ತಿದ್ದದ್ದು ಗಣಿತ, ನೌಕಾಯಾನ, ಹಡಗು ಕಟ್ಟುವ ವಿದ್ಯೆ, ಫಿರಂಗಿ, ಉಗಿ ಎಂಜಿನ್, ಡಚ್ ಭಾಷೆ. ಪಾಠ ಡಚ್ಚಿನಲ್ಲಿ, ವಿದ್ಯಾರ್ಥಿಗಳು ಜಪಾನಿಯರು, ನಡುವೆ ದುಭಾಷಿಗಳು. ಈ ದುಭಾಷಿಗಳು ತಲೆಮಾರುಗಳಿಂದ ಸಕ್ಕರೆ, ತಾಮ್ರ, ಬಟ್ಟೆಗಳ ವ್ಯಾಪಾರದ ಡಚ್ಚಿನಲ್ಲಿ ಪಳಗಿದವರು. ಕಂಡೆನ್ಸರ್ (ಉಗಿಯನ್ನು ಮತ್ತೆ ನೀರಾಗಿಸುವ ಭಾಗ), ಬಾಯ್ಲರ್, ತ್ರಿಕೋನಮಿತಿಗೆ ಅವರ ಭಾಷೆಯಲ್ಲಿ ಶಬ್ದವೇ ಇರಲಿಲ್ಲ. ಒಂದು ವಾಕ್ಯ ಈ ದಡದಿಂದ ಆ ದಡಕ್ಕೆ ದಾಟುವ ಹೊತ್ತಿಗೆ ಅರ್ಧ ನೀರುಪಾಲು. ಇದನ್ನು ಸಹಿಸಲಾರದೆ ತಾನೇ ಡಚ್ ಕಲಿತು ಎರಡೂ ಕಡೆಗೆ ಕೊಂಡಿಯಾದವನು ಕಾತ್ಸು ಕೈಶೂ. ಎಡೊದ ಬಡ ಸಮುರಾಯ್ ಮನೆತನದವನು, ಮೊದಲ ತಂಡದ ಕಾಲದಿಂದಲೂ ನಾಗಸಾಕಿಯಲ್ಲಿಯೇ ಇದ್ದವನು. ಅವನನ್ನು ಕಾಟೆನ್‌ಡೈಕ ತನ್ನ ದಿನಚರಿಯಲ್ಲಿ ಮನಸಾರೆ ಹೊಗಳಿದ್ದಾನೆ.

ದಿನಚರಿಯಲ್ಲಿ ಗೊಣಗಾಟಕ್ಕೂ ಕಡಿಮೆಯಿಲ್ಲ. ಈ ಜನರ ನಿಧಾನ ನೋಡಿದರೆ ದಂಗುಬಡಿಯುತ್ತದೆ ಎನ್ನುತ್ತಾನೆ. ಹಡಗಿನ ರಿಪೇರಿಗೆ ಮರ ಬೇಕು. ಭರತದ ಹೊತ್ತಿಗೆ, ಅಂದರೆ ಕಡಲು ಉಬ್ಬುವ ವೇಳೆಗೆ, ತಂದುಕೊಡಿ ಎಂದರೆ ಭರತ ಬಂದು ಇಳಿದುಹೋಗುತ್ತದೆ, ಮರ ಬರುವುದಿಲ್ಲ. ಒಬ್ಬ ಕೆಲಸಗಾರ ಒಮ್ಮೆ ಕಾರ್ಖಾನೆಗೆ ಬಂದು ಮುಖ ತೋರಿಸಿ ಹೋದವನು ಮತ್ತೆ ಪತ್ತೆಯಿಲ್ಲ. ಇನ್ನೊಬ್ಬನಿಗೆ ಹೊಸವರ್ಷದ ಶುಭಾಶಯ ಹೇಳಿಕೊಂಡು ಊರು ಸುತ್ತಲು ಎರಡು ದಿನ ಬೇಕು. ರೈಲು ಒಂದು ನಿಮಿಷ ತಡವಾದರೆ ಕ್ಷಮೆ ಕೇಳುವ ದೇಶದ ಬಗ್ಗೆ ಬರೆದ ಮಾತಿದು ಎಂದು ನೆನೆದರೆ ನಗು ಬರುತ್ತದೆ. ಗಡಿಯಾರದ ಶಿಸ್ತು ಜನಾಂಗದ ರಕ್ತದಲ್ಲಿ ಇರುತ್ತದೆ ಎನ್ನುವವರಿಗೆ ನಾನು ಈ ಪುಟವನ್ನು ತೋರಿಸುತ್ತೇನೆ.

ಗೊಣಗುವವನೇ ಕಣ್ಣಿಟ್ಟು ನೋಡುವವನೂ ಆಗಿದ್ದ. ಎನೊಮೊತೊ ತಾಕೆಆಕಿ ಎಂಬ ತರುಣನ ಬಗ್ಗೆ ಆತ ಬರೆದದ್ದನ್ನು ನೋಡಿ. ಎಡೊದಲ್ಲಿ ಹೆಸರಿದ್ದ ಮನೆತನದ ಹುಡುಗ, ಎರಡು ವರ್ಷದಿಂದ ಕುಲುಮೆಗೆ ಕಲ್ಲಿದ್ದಲು ಹಾಕುವವನಾಗಿ, ಕಮ್ಮಾರನಾಗಿ, ಎಂಜಿನ್ ಕೋಣೆಯ ಆಳಾಗಿ ದುಡಿಯುತ್ತಿದ್ದಾನೆ. ಅವನ ಗುಣಕ್ಕೂ ಹುರುಪಿಗೂ ಇದಕ್ಕಿಂತ ಬೇರೆ ಸಾಕ್ಷಿ ಬೇಡ ಎನ್ನುತ್ತಾನೆ. ಸೊಂಟಕ್ಕೆ ಎರಡು ಕತ್ತಿ ಸಿಕ್ಕಿಸಿಕೊಂಡು ನಡೆಯುವ ವರ್ಗದವನು ಮಸಿ ಮೆತ್ತಿಕೊಂಡು ಬಾಯ್ಲರ್ ಮುಂದೆ ನಿಲ್ಲುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ.

ಕಾತ್ಸುವಿನ ಪ್ರಸಂಗ ಇನ್ನೂ ಸ್ವಾರಸ್ಯವಾದದ್ದು, ಮುದುಕನಾದ ಮೇಲೆ ಅವನೇ ಹೇಳಿಕೊಂಡದ್ದು. ಸಣ್ಣ ಹಾಯಿದೋಣಿಯಲ್ಲಿ ದೂರದ ದ್ವೀಪಗಳತ್ತ ಹೋಗಿಬರುತ್ತೇನೆ ಎಂದು ಮೇಷ್ಟ್ರಿಗೆ ಹೇಳಿದ. ಹವೆ ಕೆಡುವ ಹಾಗಿದೆ, ಬೇಡ ಎಂದ ಕಾಟೆನ್‌ಡೈಕ. ಶಿಷ್ಯ ಕೇಳಲಿಲ್ಲ, ಹೊರಟೇಬಿಟ್ಟ. ಬಿರುಗಾಳಿ ಎದ್ದಿತು, ದೋಣಿ ಬಂಡೆಗೆ ಬಡಿಯಿತು, ಚುಕ್ಕಾಣಿ ಮುರಿಯಿತು, ಒಳಗೆ ನೀರು. ಹೇಗೋ ಬದುಕಿ ಮರಳಿದವನು ತಲೆ ತಗ್ಗಿಸಿ ನಿಂತರೆ ಮೇಷ್ಟ್ರು ನಕ್ಕ. ಒಳ್ಳೆಯದೇ ಆಯಿತು, ಎಷ್ಟು ಪುಸ್ತಕ ಓದಿದರೂ ಒಮ್ಮೆ ಜೀವಕ್ಕೆ ಕುತ್ತು ಬಂದ ಹೊರತು ಹಡಗು ಏನೆಂದು ಗೊತ್ತಾಗುವುದಿಲ್ಲ, ಹತ್ತು ಸಲ ಕುತ್ತು ಬಂದರೆ ಹತ್ತೂ ಬೇರೆ ಬೇರೆ ಬಗೆಯಾಗಿರುತ್ತವೆ ಎಂಬ ಅರ್ಥದ ಮಾತು ಹೇಳಿದ. ಬೇಡ ಎಂದು ಹೇಳುವುದು, ಹೇಳಿದ ಮೇಲೂ ತಡೆಯದೆ ಬಿಡುವುದು, ಬಂದ ಮೇಲೆ ಬೈಯದೆ ಇರುವುದು: ಮೂರನ್ನೂ ಬಲ್ಲ ಮೇಷ್ಟ್ರುಗಳು ಅಪರೂಪ. ಬಿಡುವಿದ್ದಾಗಲೆಲ್ಲ ಊರೊಳಗೆ ಸುಮ್ಮನೆ ಅಡ್ಡಾಡು, ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೋ, ಎಂದಾದರೊಂದು ದಿನ ಉಪಯೋಗಕ್ಕೆ ಬರುತ್ತದೆ ಎಂಬ ಉಪದೇಶವೂ ತನಗೆ ನಾಗಸಾಕಿಯ ಗುರುವಿನಿಂದ ಸಿಕ್ಕಿದ್ದೆಂದು ಕಾತ್ಸು ನೆನೆಯುತ್ತಿದ್ದ.

'ಅದು ಸರ್ಕಾರದ ಕೆಲಸ'

ಊರೊಳಗೆ ಅಡ್ಡಾಡುವ ಅಭ್ಯಾಸ ಗುರುವಿಗೂ ಇತ್ತು. ಹಾಗೆ ಒಮ್ಮೆ ಒಬ್ಬ ವ್ಯಾಪಾರಿಯನ್ನು ಮಾತಿಗೆಳೆದು ಕೇಳಿದ: ಹೊರಗಿನವರು ಈ ಊರಿನ ಮೇಲೆ ಬಿದ್ದರೆ ಊರನ್ನು ಉಳಿಸಿಕೊಳ್ಳಲು ನೀವೇನು ಮಾಡುತ್ತೀರಿ? ವ್ಯಾಪಾರಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಅದು ನಮಗೆ ಸೇರಿದ್ದಲ್ಲ, ಶೋಗನ್ ಸರ್ಕಾರದ ಕೆಲಸ ಎಂದುಬಿಟ್ಟ.

ದಿನಚರಿಯಲ್ಲಿ ಸಣ್ಣದಾಗಿ ಬಂದುಹೋಗುವ ಈ ಮಾತನ್ನು ಮುಂದೆ ಜಪಾನಿನ ಲೇಖಕರು ಮತ್ತೆ ಮತ್ತೆ ಎತ್ತಿಕೊಂಡಿದ್ದಾರೆ. ಕಾರಣವಿದೆ. ಆಗಿನ ಜಪಾನ್ ಹೊರಗಿನಿಂದ ನೋಡುವವರಿಗೆ ಒಂದು ದೇಶ, ಒಳಗೆ ಇನ್ನೂರೈವತ್ತಕ್ಕೂ ಹೆಚ್ಚು ಸಂಸ್ಥಾನಗಳ ಕಂತೆ. ಯುದ್ಧ ಸಮುರಾಯ್‌ಗಳ ವೃತ್ತಿ. ವ್ಯಾಪಾರಿಗೆ, ರೈತನಿಗೆ ಅದರ ಗೊಡವೆಯಿಲ್ಲ. ಸಮುರಾಯ್ ಕೂಡ ದುಡಿಯುವುದು ತನ್ನ ಒಡೆಯನಿಗೇ ಹೊರತು ಜಪಾನಿಗಲ್ಲ.

ಶಾಲೆಯ ಹಾಜರಿಪಟ್ಟಿಯೇ ಇದನ್ನು ಹೇಳುತ್ತದೆ. ಶೋಗನ್‌ನ ಸ್ವಂತ ಜನರಲ್ಲದೆ ಬೇರೆ ಸಂಸ್ಥಾನಗಳಿಂದ 129 ವಿದ್ಯಾರ್ಥಿಗಳು ಬಂದಿದ್ದರು: ಸಾಗಾದಿಂದ 48, ಫುಕುಓಕಾದಿಂದ 28, ಸಾತ್ಸುಮಾದಿಂದ 16, ಚೋಶೂದಿಂದ 15, ಉಳಿದವರು ಸಣ್ಣಪುಟ್ಟ ಕಡೆಗಳಿಂದ. ಹತ್ತು ವರ್ಷದೊಳಗೆ ಇವರ ಒಡೆಯರು ಒಬ್ಬರ ಮೇಲೊಬ್ಬರು ಫಿರಂಗಿ ಹಾರಿಸಲಿದ್ದರು. ಸದ್ಯಕ್ಕೆ ಎಲ್ಲರೂ ಒಂದೇ ಹಡಗಿನ ಒಂದೇ ಹಗ್ಗ ಎಳೆಯುತ್ತಿದ್ದರು. ಕಾಟೆನ್‌ಡೈಕ ಕಲಿಸಿದ ಅತಿ ದೊಡ್ಡ ಪಾಠ ಪಠ್ಯದಲ್ಲಿ ಇರಲೇ ಇಲ್ಲ ಎನ್ನುವುದು ನನ್ನ ಓದು. ಡೆಕ್ಕಿನ ಮೇಲೆ ಸಂಸ್ಥಾನಗಳಿಲ್ಲ, ಪಾಳಿಗಳಷ್ಟೇ ಇವೆ. ಕಾತ್ಸು ಮುಂದೆ 1864ರಲ್ಲಿ ಕೋಬೆಯಲ್ಲಿ ತನ್ನದೇ ನೌಕಾ ಶಾಲೆ ತೆರೆದಾಗ ಯಾವ ಸಂಸ್ಥಾನದವನು ಎಂದು ನೋಡದೆ ಹುಡುಗರನ್ನು ಸೇರಿಸಿಕೊಂಡದ್ದು, ಒಡೆಯನನ್ನು ಬಿಟ್ಟು ಓಡಿಬಂದ ಸಾಕಾಮೊತೊ ರ್‍ಯೋಮಾನನ್ನೂ ಹತ್ತಿರ ಇಟ್ಟುಕೊಂಡದ್ದು, ಈ ಡೆಕ್ಕಿನ ನೆನಪಿನಿಂದಲೇ ಇರಬೇಕು.

1858ರಲ್ಲಿ ಕಾನ್ರಿನ್ ಮಾರುವಿನಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಟೆನ್‌ಡೈಕ ಸಾತ್ಸುಮಾದ ಕಾಗೊಶಿಮಾಗೆ ಹೋದ. ಅಲ್ಲಿನ ಒಡೆಯ ಶಿಮಾಜು ನಾರಿಆಕಿರಾ ಕುಲುಮೆ, ಗಾಜು, ಫಿರಂಗಿ ಎಂದು ಕಾರ್ಖಾನೆಗಳನ್ನೇ ಎಬ್ಬಿಸಿದ್ದ. ತನ್ನವರು ಕಟ್ಟಿದ ಒಂದು ಸಣ್ಣ ಉಗಿ ದೋಣಿಯೂ ಅವನಲ್ಲಿತ್ತು. ಕಾಟೆನ್‌ಡೈಕ ಎಂಜಿನ್ನನ್ನು ಅಳೆದು ನೋಡಿದ. ಸಿಲಿಂಡರಿನ ಉದ್ದದ ಲೆಕ್ಕದಲ್ಲಿ ಸುಮಾರು 12 ಅಶ್ವಶಕ್ತಿ ಬರಬೇಕು, ಬರುತ್ತಿದ್ದದ್ದು ಎರಡೋ ಮೂರೋ, ಕಂಡೆನ್ಸರ್ ಸೋರುತ್ತಿತ್ತು. ಇನ್ನೊಬ್ಬನಾಗಿದ್ದರೆ ಅಲ್ಲಿಗೇ ನಕ್ಕು ಬಿಡುತ್ತಿದ್ದ. ಈತ ಬೆರಗಾದ. ಕಟ್ಟಿದವರು ಉಗಿ ಎಂಜಿನ್ನನ್ನು ಕಣ್ಣಿನಲ್ಲಿ ಕಂಡವರೇ ಅಲ್ಲ, ಡಚ್ ಪುಸ್ತಕದ ನಕ್ಷೆ ನೋಡಿ ಮಾಡಿದ್ದರು.

ಮುಚ್ಚಿದ ಬಾಗಿಲು

1859ರಲ್ಲಿ ಎಡೊದಿಂದ ಆಜ್ಞೆ ಬಂತು: ಶಾಲೆ ಮುಚ್ಚತಕ್ಕದ್ದು. ಹಿಂದಿನ ವರ್ಷವಷ್ಟೇ ಅಮೆರಿಕ, ನೆದರ್‌ಲ್ಯಾಂಡ್ಸ್, ರಷ್ಯಾ, ಬ್ರಿಟನ್, ಫ್ರಾನ್ಸ್‌ಗಳೊಂದಿಗೆ ಒಪ್ಪಂದಗಳಾಗಿದ್ದವು, ಅಧಿಕಾರ ಶೋಗನ್‌ನ ಮುಖ್ಯ ಸಚಿವ ಇಇ ನಾಓಸುಕೆಯ ಕೈಯಲ್ಲಿತ್ತು. ಎಡೊದಲ್ಲಿಯೇ ಒಂದು ನೌಕಾ ಶಾಲೆ ಶುರುವಾಗಿತ್ತು. ದೂರದ ನಾಗಸಾಕಿಯಲ್ಲಿ ಖರ್ಚು ಮಾಡಿ ಪರ ಸಂಸ್ಥಾನಗಳ ಹುಡುಗರಿಗೂ ಯುದ್ಧವಿದ್ಯೆ ಹೇಳಿಕೊಡುವುದು ಆಳುವವರಿಗೆ ಯಾಕೆ ಹಿಡಿಸಲಿಲ್ಲ ಎಂದು ಊಹಿಸುವುದು ಕಷ್ಟವಲ್ಲ. ನವೆಂಬರಿನಲ್ಲಿ ಕಾಟೆನ್‌ಡೈಕ ಹಡಗು ಹತ್ತಿದ. ಪೊಂಪೆ ಉಳಿದು ವೈದ್ಯಶಾಲೆಯನ್ನು ಮುಂದುವರಿಸಿದ, 1861ರಲ್ಲಿ ಆಸ್ಪತ್ರೆ ತೆರೆದ. ಹಾರ್ಡೆಸ್ ಉಳಿದು ಸ್ಥಳೀಯ ಹೆಂಚುಗಾರರಿಗೆ ಇಟ್ಟಿಗೆ ಸುಡುವುದನ್ನು ಕಲಿಸಿ ಕಬ್ಬಿಣದ ಕಾರ್ಖಾನೆಯೊಂದನ್ನು ಎಬ್ಬಿಸಿದ. ಇಂದಿನ ಮಿತ್ಸುಬಿಶಿ ನಾಗಸಾಕಿ ಹಡಗುಕಟ್ಟೆಯ ಬೇರು ಅಲ್ಲಿದೆ.

ಹಾಗಾದರೆ ಶಾಲೆ ಗೆದ್ದಿತೇ? ಒಂದು ಪರೀಕ್ಷೆ ತಾನಾಗಿಯೇ ಎದುರಾಯಿತು. 1860ರ ಫೆಬ್ರುವರಿಯಲ್ಲಿ ಕಾತ್ಸು ಅದೇ ಕಾನ್ರಿನ್ ಮಾರುವಿನಲ್ಲಿ ಪೆಸಿಫಿಕ್ ದಾಟಲು ಹೊರಟ. ಹೋಗುವಾಗ ಬಿರುಗಾಳಿಯೋ ಬಿರುಗಾಳಿ. ಕ್ಯಾಪ್ಟನ್ ಕಾತ್ಸುವೇ ಕಡಲಬೇನೆಯಿಂದ ಹಾಸಿಗೆ ಹಿಡಿದ. ಹಡಗನ್ನು ನಿಭಾಯಿಸಿದ್ದು ಬಹುಪಾಲು ಅದರಲ್ಲಿದ್ದ ಅಮೆರಿಕದ ನೌಕಾಧಿಕಾರಿ ಜಾನ್ ಬ್ರೂಕ್ ಮತ್ತು ಅವನ ನಾವಿಕರು. ಮಾರ್ಚ್ 17ರಂದು ಸ್ಯಾನ್ ಫ್ರಾನ್ಸಿಸ್ಕೊ ಸಿಕ್ಕಿತು. ಮರಳುವಾಗ ಮಾತ್ರ ಬಹುಮಟ್ಟಿಗೆ ಜಪಾನಿಯರೇ ಹಡಗು ನಡೆಸಿದರು. ಜಪಾನಿನಲ್ಲಿ ಈ ಯಾನವನ್ನು ವಿಜಯಗಾಥೆಯಂತೆ ಹೇಳುವುದು ರೂಢಿ. ಬ್ರೂಕ್‌ನ ಟಿಪ್ಪಣಿಗಳು ಬೆಳಕಿಗೆ ಬಂದ ಮೇಲೆ ಆ ಹೇಳಿಕೆ ಸ್ವಲ್ಪ ಮೆತ್ತಗಾಗಿದೆ. ನನ್ನ ಅಂಕಪಟ್ಟಿಯಲ್ಲಿ ಹೋಗುವಾಗ ಅನುತ್ತೀರ್ಣ, ಬರುವಾಗ ಉತ್ತೀರ್ಣ. ದೋಣಿ ಬಂಡೆಗೆ ಬಡಿದ ದಿನ ಮೇಷ್ಟ್ರು ಹೇಳಿದ್ದು ಇದನ್ನೇ ಅಲ್ಲವೇ.

ಮಂತ್ರಿಯ ಮೇಜು

ಹೇಗ್‌ಗೆ ಮರಳಿದ ಕಾಟೆನ್‌ಡೈಕ 1860ರಲ್ಲಿ ದಿನಚರಿಯ ಆಯ್ದ ಭಾಗಗಳನ್ನು ಅಚ್ಚು ಹಾಕಿಸಿದ. 1861ರ ಮಾರ್ಚ್‌ನಲ್ಲಿ ನೌಕಾ ಸಚಿವನಾದ. ನೆದರ್‌ಲ್ಯಾಂಡ್ಸ್‌ನಲ್ಲಿ ನೌಕಾ ಖಾತೆಯನ್ನು ವೃತ್ತಿಯ ನೌಕಾಧಿಕಾರಿಗೇ ವಹಿಸುವ ವಾಡಿಕೆ ಗಟ್ಟಿಯಾಗಿತ್ತು, ಹಾಗಾಗಿ ನೇಮಕದಲ್ಲಿ ಅಚ್ಚರಿಯೇನಿಲ್ಲ. ಅಚ್ಚರಿ ಇರುವುದು ಆತ ಉಳಿದುಕೊಂಡದ್ದರಲ್ಲಿ. 1862ರಲ್ಲಿ ಸರ್ಕಾರ ಬದಲಾಗಿ ಉದಾರವಾದಿ ಮುಖಂಡ ಟೋರ್ಬೆಕೆ ಬಂದಾಗಲೂ ನೌಕಾ ಖಾತೆಯಲ್ಲಿ ಇದೇ ಮನುಷ್ಯ ಮುಂದುವರಿದ. 1848ರ ಸಂವಿಧಾನದ ನಂತರ ಸಚಿವನೆಂದರೆ ದೊರೆಯ ಸೇವಕನಲ್ಲ, ಸಂಸತ್ತಿಗೆ ಉತ್ತರ ಹೇಳಬೇಕಾದವನು. ಹಡಗಿನ ಮೇಲೆ ಒಂದು ಮಾತಿಗೆ ಹತ್ತು ಜನ ಹಗ್ಗ ಎಳೆಯುತ್ತಾರೆ. ಸಂಸತ್ತಿನಲ್ಲಿ ಒಂದು ಹಗ್ಗಕ್ಕೆ ಹತ್ತು ಮಾತು ಕೇಳಬೇಕು, ಅದರ ಬೆಲೆಯನ್ನೂ ಹೇಳಬೇಕು.

ಕಾಲವೂ ಕೆಟ್ಟದ್ದು. 1862ರ ಮಾರ್ಚ್‌ನಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಕಬ್ಬಿಣದ ಕವಚ ತೊಟ್ಟ ಎರಡು ಹಡಗುಗಳು ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಸೆಣಸಿದ ಸುದ್ದಿ ಬಂದದ್ದೇ ಯೂರೋಪಿನ ಮರದ ಹಡಗುಗಳೆಲ್ಲ ಒಂದೇ ದಿನಕ್ಕೆ ಹಳತಾದವು. ಡಚ್ಚರು ಹಳೆಯ 'ಡೆ ರಾಯ್ಟರ್' ಯುದ್ಧನೌಕೆಗೆ ಕವಚ ತೊಡಿಸಿದರು, ನಂತರ ಹೊಸದನ್ನು ಇಂಗ್ಲೆಂಡಿನಿಂದ ತರಿಸಲು ಹೊರಟರು. 1865ರಲ್ಲಿ ಬರ್ಕನ್‌ಹೆಡ್‌ನ ಲೇರ್ಡ್ ಕಟ್ಟೆಯಲ್ಲಿ 'ಪ್ರಿನ್ಸ್ ಹೆಂಡ್ರಿಕ್' ಕಟ್ಟುವ ಕೆಲಸ ಶುರುವಾಯಿತು. ಅದು ನೀರಿಗಿಳಿದದ್ದು ಸಚಿವ ಸತ್ತ ಮೇಲೆ. ಎರಡು ಶತಮಾನದ ಹಿಂದೆ ಇಂಗ್ಲೆಂಡಿನ ನೌಕಾಬಲವನ್ನೇ ನಡುಗಿಸಿದ ದೇಶ ಈಗ ಹಡಗಿಗಾಗಿ ಇಂಗ್ಲೆಂಡಿನ ಕಟ್ಟೆಗೆ ಹೋಗಬೇಕಾಯಿತು. ಇಷ್ಟೇ ಆಗಿದ್ದರೆ ಈ ಸಚಿವನ ಮೇಲೆ ಬರೆಯುವ ಉಮೇದು ನನಗೆ ಬರುತ್ತಿರಲಿಲ್ಲ.

ಐದು ವಾರ

1863ರ ಜೂನ್ ಆರಂಭದಲ್ಲಿ ರಾಟರ್‌ಡ್ಯಾಮ್ ಬಂದರಿನಲ್ಲಿ ಜನಜಾತ್ರೆ. ಕತ್ತಿ ಸಿಕ್ಕಿಸಿಕೊಂಡ ಜಪಾನಿಯರನ್ನು ನೋಡಲು ಊರಿಗೆ ಊರೇ ನೆರೆದಿತ್ತು. ಶೋಗನ್ ಕಳುಹಿಸಿದ 15 ಜನರ ವಿದ್ಯಾರ್ಥಿ ತಂಡ ಅದು. ಮೊದಲು ಅಮೆರಿಕಕ್ಕೆ ಹೋಗಬೇಕಿದ್ದವರು, ಅಲ್ಲಿ ಯುದ್ಧವಿದ್ದುದರಿಂದ ಇತ್ತ ತಿರುಗಿದ್ದರು. ದಾರಿಯಲ್ಲಿ ಹಡಗು ಒಡೆದು, ಬಟಾವಿಯಾ (ಇಂದಿನ ಜಕಾರ್ತಾ) ಸೇರಿ, ನಾಗಸಾಕಿಯಿಂದ ಹೊರಟ ಏಳು ತಿಂಗಳ ಮೇಲೆ ಬಂದು ಮುಟ್ಟಿದ್ದರು. ಅವರಲ್ಲಿ ಎನೊಮೊತೊ ಇದ್ದ, ನಾಗಸಾಕಿ ಶಾಲೆಯ ಇನ್ನೂ ಕೆಲವರಿದ್ದರು. ನಿಶಿ ಮತ್ತು ತ್ಸುದಾ ಎಂಬಿಬ್ಬರು ಲೈಡನ್‌ನಲ್ಲಿ ಪ್ರಾಧ್ಯಾಪಕ ವಿಸ್ಸೆರಿಂಗ್ ಬಳಿ ಕಾನೂನು, ಅರ್ಥಶಾಸ್ತ್ರ ಓದಲು ಕುಳಿತರು. ಹಡಗಿನವರಿಗೆ ಮಾತ್ರ ಅಪರಿಚಿತ ದೇಶದಲ್ಲಿ ಪರಿಚಿತ ಮುಖವೊಂದು ಸಿಕ್ಕಿತು. ಬಾಯ್ಲರ್ ಮುಂದೆ ಮಸಿ ಮೆತ್ತಿಕೊಂಡು ನಿಂತಿದ್ದ ಹುಡುಗನನ್ನು ನಾಗಸಾಕಿಯಲ್ಲಿ ಕಂಡಿದ್ದ ಮೇಷ್ಟ್ರು ಈಗ ಆ ದೇಶದ ನೌಕಾ ಸಚಿವ. ಹಿಂದೆ ನಾಗಸಾಕಿಯಲ್ಲಿದ್ದ ಪೊಂಪೆಯೂ ಆತನೂ ಸೇರಿ ಇವರ ಓದಿಗೆ ದಾರಿ ಮಾಡಿಕೊಟ್ಟರು.

ಇದಾಗಿ ಐದು ವಾರ. ಜುಲೈ 11ರಂದು ಭೂಮಿಯ ಇನ್ನೊಂದು ತುದಿಯಲ್ಲಿ, ಇದೇ ಸಚಿವನ ಖಾತೆಗೆ ಸೇರಿದ 'ಮೆಡುಸಾ' ಎಂಬ ಹಡಗು ಶಿಮೊನೊಸೆಕಿ ಜಲಸಂಧಿಯನ್ನು ಹೊಕ್ಕಿತು. ನಡೆಸುತ್ತಿದ್ದವನು ಕ್ಯಾಪ್ಟನ್ ಕಾಸೆಂಬ್ರೂಟ್, ಜೊತೆಯಲ್ಲಿ ಡಚ್ ಕಾನ್ಸುಲ್ ಜನರಲ್. ಅಲ್ಲಿನ ಚೋಶೂ ಸಂಸ್ಥಾನದವರು ಅಮೆರಿಕದ, ಫ್ರಾನ್ಸಿನ ಹಡಗುಗಳಿಗೆ ಗುಂಡು ಹಾರಿಸಿದ್ದು ಗೊತ್ತಿತ್ತು. ಆದರೂ ಡಚ್ ಬಾವುಟ ಕಂಡರೆ ಸುಮ್ಮನಿರುತ್ತಾರೆ, ಇನ್ನೂರು ವರ್ಷದ ಗೆಳೆತನವಲ್ಲವೇ ಎಂಬ ನಂಬಿಕೆ. ಬಾವುಟ ಕಾಪಾಡಲಿಲ್ಲ. ಹಡಗಿಗೆ 31 ಏಟು ಬಿದ್ದವು. ನಾಲ್ವರು ಸತ್ತರು, ಐವರು ಗಾಯಗೊಂಡರು. ಮೆಡುಸಾ ಗುಂಡಿಗೆ ಗುಂಡು ಹಾರಿಸುತ್ತಲೇ ಜಲಸಂಧಿ ದಾಟಿತು.

ಜಪಾನಿಗೆ ಆಗ ತಂತಿ ಇರಲಿಲ್ಲ. ಸುದ್ದಿ ಹೇಗ್ ತಲುಪಬೇಕಾದರೆ ವಾರಗಟ್ಟಲೆ ಹಡಗಿನಲ್ಲಿ ಬರಬೇಕು. ಬಂದಾಗ ಸಚಿವನ ಮುಂದಿದ್ದ ದೃಶ್ಯ ಇದು: ಒಂದು ಕೈಯಲ್ಲಿ ಜಪಾನಿ ವಿದ್ಯಾರ್ಥಿಗಳ ಪಾಠದ ಏರ್ಪಾಡು, ಇನ್ನೊಂದು ಕೈಯಲ್ಲಿ ಜಪಾನಿ ಗುಂಡಿಗೆ ಸತ್ತ ನಾವಿಕರ ಲೆಕ್ಕ. ಗುಂಡು ಹಾರಿಸಿದ ಚೋಶೂವಿನಿಂದ 15 ಹುಡುಗರು ಅದೇ ನಾಗಸಾಕಿ ಶಾಲೆಗೆ ಬಂದಿದ್ದರು ಎನ್ನುವುದನ್ನೂ ಇದಕ್ಕೆ ಸೇರಿಸಿ. ಇದನ್ನು ಕೃತಘ್ನತೆಯ ಕತೆಯಾಗಿ ಹೇಳುವುದು ಸುಲಭ. ವಿದ್ಯಾರ್ಥಿಗಳನ್ನು ಮನೆಗೆ ಅಟ್ಟಿ ಎಂದು ಕೂಗುವುದು ಅದಕ್ಕಿಂತ ಸುಲಭ.

ಅಟ್ಟಲಿಲ್ಲ. ಓದು ನಡೆಯಿತು, ಶೋಗನ್‌ಗಾಗಿ ಹಡಗು ಕಟ್ಟುವ ಗುತ್ತಿಗೆಯೂ ಮುಂದುವರಿಯಿತು. 1864ರ ಸೆಪ್ಟೆಂಬರ್ 5ರಿಂದ 8ರವರೆಗೆ 17 ಹಡಗುಗಳ ಮಿತ್ರಪಡೆ ಶಿಮೊನೊಸೆಕಿಯ ಫಿರಂಗಿ ದಿಬ್ಬಗಳನ್ನು ಬಡಿದು ಬಾಯಿ ಮುಚ್ಚಿಸಿದಾಗ ಅದರಲ್ಲಿ ಡಚ್ಚರ ನಾಲ್ಕು ಹಡಗುಗಳಿದ್ದವು, ಗಾಯ ಮಾಸಿದ ಮೆಡುಸಾ ಕೂಡ. ಬ್ರಿಟನ್ನಿನವು ಒಂಬತ್ತು, ಫ್ರಾನ್ಸಿನವು ಮೂರು, ಅಮೆರಿಕದ್ದು ಒಂದು. ಎನೊಮೊತೊ ಆ ವರ್ಷ ಯೂರೋಪಿನಲ್ಲಿಯೇ ಇದ್ದ. ಗೆಳೆಯ ಅಕಾಮಾತ್ಸುವಿನೊಂದಿಗೆ ಡೆನ್ಮಾರ್ಕಿನ ಯುದ್ಧವನ್ನು ಹತ್ತಿರದಿಂದ ನೋಡಿ ಬಂದ.

ಇದರಲ್ಲಿ ವಿರೋಧಾಭಾಸ ಕಾಣುವವರು ಜಪಾನನ್ನು ಒಂದು ದೇಶವೆಂದು ಆಗಲೇ ಭಾವಿಸಿಕೊಂಡವರು. ಗುಂಡು ಹಾರಿಸಿದ್ದು ಚೋಶೂ, ಹುಡುಗರನ್ನು ಕಳುಹಿಸಿದ್ದು ಶೋಗನ್. ಇಬ್ಬರಿಗೂ ಹಾವು ಮುಂಗುಸಿಯ ಸಂಬಂಧ. ಚೋಶೂವನ್ನು ಬಡಿದರೆ ಒಳಗೊಳಗೇ ಶೋಗನ್‌ಗೆ ಸಂತೋಷವೇ. ಊರಿನ ರಕ್ಷಣೆ ನನಗೆ ಸೇರಿದ್ದಲ್ಲ ಎಂದ ವ್ಯಾಪಾರಿಯ ಮಾತನ್ನು ಬರೆದಿಟ್ಟುಕೊಂಡಿದ್ದ ಮನುಷ್ಯನಿಗೆ ಈ ಒಡಕನ್ನು ಹೊಸದಾಗಿ ಯಾರೂ ವಿವರಿಸಬೇಕಿರಲಿಲ್ಲ. ಯೂರೋಪಿನ ಆಗಿನ ಸಚಿವರಲ್ಲಿ ಎರಡು ವರ್ಷ ಜಪಾನಿನ ಬೀದಿಗಳಲ್ಲಿ ನಡೆದವರು ಎಷ್ಟಿದ್ದರು?

ಹಾಗೆಂದು ಆತನನ್ನು ಹೊತ್ತು ಮೆರೆಸುವುದು ಬೇಡ. ದೊಡ್ಡ ಪಂದ್ಯದಲ್ಲಿ ಡಚ್ಚರು ಸೋತರು, ಅದೂ ನಾಚಿಕೆಯಾಗುವಷ್ಟು ಬೇಗ. ವರ್ಷಗಟ್ಟಲೆ ಕಷ್ಟಪಟ್ಟು ಡಚ್ ಕಲಿತಿದ್ದ ಫುಕುಜಾವಾ ಯುಕಿಚಿ 1859ರಲ್ಲಿ ಹೊಸದಾಗಿ ತೆರೆದ ಯೋಕೊಹಾಮಾಗೆ ಹೋಗಿ ನೋಡಿದರೆ ಅಂಗಡಿಯ ಫಲಕಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಒಂದಕ್ಷರ ತಿಳಿಯಲಿಲ್ಲ. ಮನೆಗೆ ಬಂದು ಇಂಗ್ಲಿಷ್ ಕಲಿಯಲು ಕುಳಿತ. ಶಾಲೆ ಮುಚ್ಚಿದ ವರ್ಷವೇ ಶಾಲೆಯ ಭಾಷೆಯೂ ಸವಕಲು ನಾಣ್ಯವಾಯಿತು. ಮುಂದೆ ಜಪಾನ್ ನೌಕಾಪಡೆ ಮಾದರಿಯಾಗಿ ಇಟ್ಟುಕೊಂಡದ್ದು ಬ್ರಿಟನ್ನನ್ನು. ಮೇಷ್ಟ್ರಾಗಿ ಉಳಿಯೋಣ ಎಂಬ ಲೆಕ್ಕದಲ್ಲಿ ಡಚ್ ಸರ್ಕಾರಕ್ಕೆ ಸಿಕ್ಕಿದ್ದು ಒಂದಷ್ಟು ಹಡಗಿನ ಗುತ್ತಿಗೆ, ಒಂದಷ್ಟು ಕೃತಜ್ಞತೆ. ಕೃತಜ್ಞತೆ ಬಜೆಟ್ಟಿನಲ್ಲಿ ಎಲ್ಲೂ ಜಮೆಯಾಗುವುದಿಲ್ಲ.

ಒಂದು ಕುರ್ಚಿ, ಮೂವರು ಶಿಷ್ಯರು

1865ರ ನವೆಂಬರಿನಲ್ಲಿ ಡೋರ್ಡ್ರೆಕ್ಟ್‌ನ ಕಟ್ಟೆಯಿಂದ 'ಕಾಇಯೊ ಮಾರು' ನೀರಿಗಿಳಿಯಿತು. 400 ಅಶ್ವಶಕ್ತಿ, 26 ಫಿರಂಗಿ; ಶೋಗನ್‌ನ ಪಡೆಯಲ್ಲಿ ಅಷ್ಟು ದೊಡ್ಡದು ಬೇರೆ ಇರಲಿಲ್ಲ. ಮೂರು ತಿಂಗಳ ಮೇಲೆ, 1866ರ ಫೆಬ್ರುವರಿ 6ರಂದು ಕಾಟೆನ್‌ಡೈಕ ತೀರಿಕೊಂಡ. ನಾಲ್ಕೇ ದಿನದಲ್ಲಿ ಟೋರ್ಬೆಕೆ ಸರ್ಕಾರವೂ ಹೋಯಿತು. ಅದೇ ವರ್ಷ ನೌಕಾ ಖಾತೆ ನಾಗಸಾಕಿಯ ಮೊದಲ ಮೇಷ್ಟ್ರು ಪೆಲ್ಸ್ ರೈಕನ್‌ನ ಪಾಲಿಗೆ ಬಂತು. ಡಿಸೆಂಬರಿನಲ್ಲಿ ಎನೊಮೊತೊ ಮತ್ತು ಗೆಳೆಯರನ್ನು ಹೊತ್ತು ಕಾಇಯೊ ಮಾರು ಲಂಗರು ಎತ್ತಿದ್ದು ಈತನ ಅವಧಿಯಲ್ಲಿ. ಒಬ್ಬ ಮೇಷ್ಟ್ರ ಕಾಲದಲ್ಲಿ ತೇಲಿದ ಹಡಗನ್ನು ಇನ್ನೊಬ್ಬ ಮೇಷ್ಟ್ರು ಬೀಳ್ಕೊಟ್ಟ.

ಹಡಗು ಊರು ಮುಟ್ಟಿದ ವರ್ಷವೇ ಶೋಗನ್ ಅಧಿಕಾರ ಬಿಟ್ಟುಕೊಟ್ಟ. ಚಕ್ರವರ್ತಿಯ ಹೊಸ ಸರ್ಕಾರಕ್ಕೂ ಶೋಗನ್ ಕಡೆಯವರಿಗೂ ನಡೆದ 1868ರ ಯುದ್ಧದಲ್ಲಿ ಶಿಷ್ಯರು ಮೂರು ದಿಕ್ಕು. ಸಾತ್ಸುಮಾದಿಂದ ಶಾಲೆಗೆ ಬಂದಿದ್ದ ಕವಾಮುರಾ ಸುಮಿಯೋಶಿ ಹೊಸ ಸರ್ಕಾರದ ಸೈನ್ಯದಲ್ಲಿದ್ದ. ಶೋಗನ್‌ನ ಕಡೆಯ ಕಾತ್ಸು, ಕಾದಾಟವೇ ಇಲ್ಲದೆ ಎಡೊ ಕೋಟೆಯನ್ನು ಒಪ್ಪಿಸುವ ಮಾತುಕತೆ ನಡೆಸಿದ. ಎನೊಮೊತೊ ಯಾರ ಮಾತೂ ಕೇಳದೆ ಎಂಟು ಹಡಗುಗಳನ್ನು ಹಾರಿಸಿಕೊಂಡು ಉತ್ತರದ ಹೊಕ್ಕೈಡೊಗೆ ಓಡಿದ. ಅಲ್ಲಿ ಎಸಾಶಿಯ ದಡದಲ್ಲಿ, ಚಳಿಗಾಲದ ಬಿರುಗಾಳಿಗೆ ಸಿಕ್ಕಿ, ಡೋರ್ಡ್ರೆಕ್ಟ್‌ನಿಂದ ತಂದ ಕಾಇಯೊ ಮಾರು ಮುಳುಗಿತು. ಮಾರನೆಯ ವರ್ಷ ಹಾಕೊದಾತೆಯಲ್ಲಿ ಸೋಲು ಖಚಿತವಾದಾಗ ಎನೊಮೊತೊ ಶತ್ರು ಸೇನಾಧಿಪತಿ ಕುರೊದಾನಿಗೆ ಒಂದು ಗಂಟು ಕಳುಹಿಸಿದ. ಹಾಲೆಂಡಿನಲ್ಲಿ ಓದುವಾಗ ಸಿಕ್ಕಿದ್ದ, ಡಚ್ಚಿನಲ್ಲಿ ಕೈಯಿಂದ ಬರೆದ ಕಡಲ ಕಾನೂನಿನ ಹಸ್ತಪ್ರತಿ. ನಾನು ಸತ್ತರೂ ಇದು ಸುಡಬಾರದು, ದೇಶಕ್ಕೆ ಬೇಕಾಗುತ್ತದೆ ಎಂಬುದು ತಾತ್ಪರ್ಯ. ಶೋಗನ್‌ಗೆ ಬೇಕಾಗುತ್ತದೆ ಎಂದಲ್ಲ, ದೇಶಕ್ಕೆ. ನಾಗಸಾಕಿಯ ವ್ಯಾಪಾರಿ ಹೇಳಲಾರದೆ ಹೋದ ಮಾತು.

ಶರಣಾದ ಎನೊಮೊತೊನ ತಲೆ ಹಾರಿಸಬಾರದೆಂದು ಕುರೊದಾ ತನ್ನ ತಲೆ ಬೋಳಿಸಿಕೊಂಡು ಬೇಡಿದ. ಮೂರು ವರ್ಷದೊಳಗೆ ಬಿಡುಗಡೆಯಾಯಿತು. ಅಷ್ಟು ಹೊತ್ತಿಗೆ ಹೊಸ ಸರ್ಕಾರಕ್ಕೆ ಒಂದು ನೌಕಾ ಖಾತೆಯಿತ್ತು, ಅದಕ್ಕೆ ಸಮುದ್ರ ಬಲ್ಲವರು ಬೇಕಿತ್ತು. 1873ರಲ್ಲಿ ಕಾತ್ಸು ನೌಕಾ ಸಚಿವನಾದ. 1878ರಲ್ಲಿ ಕವಾಮುರಾ ಬಂದ. 1880ರಲ್ಲಿ ಕವಾಮುರಾ ಎದ್ದ ಕುರ್ಚಿಯಲ್ಲಿ, ಅದೇ ಸರ್ಕಾರದ ಹಡಗುಗಳ ಮೇಲೆ ಗುಂಡು ಹಾರಿಸಿದ್ದ ಎನೊಮೊತೊ ಕುಳಿತ. ಮರುವರ್ಷ ಎನೊಮೊತೊ ಎದ್ದ, ಕವಾಮುರಾ ಮರಳಿ ಬಂದು ಕುಳಿತುಕೊಂಡ.